ಮುಂದುಗಡೆಯ ನಂಬರ್ ಪ್ಲೇಟು

ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಗುರುಪಾದಸ್ವಾಮಿ ಕೊಳ್ಳೇಗಾಲದ ತನ್ನ ಮನೆಯ ಮುಂದೆ, ಕಾರಿನ ಎದುರು ಕುಕ್ಕರುಗಾಲಿನಲ್ಲಿ ಕೂತು, ಹೊಸ ನಂಬರ್ ಪ್ಲೇಟನ್ನು ಹಳೆಯದರ ಮೇಲಿಟ್ಟು ಅಳೆಯುತ್ತಿದ್ದ. ಮೇಲಕ್ಕೆ ಸರಿಸಿದರೆ ಕೆಳಗೆ ಕಡಿಮೆ ಬೀಳುತ್ತಿತ್ತು, ಕೆಳಕ್ಕೆ ಸರಿಸಿದರೆ ಮೇಲೆ. ಅಗಲಕ್ಕೆ ಹೇಗೋ ಸರಿಹೋಗುತ್ತಿತ್ತು, ಎತ್ತರ ಮಾತ್ರ ಹಳೆಯದರ ಅರ್ಧದಷ್ಟೂ ಇರಲಿಲ್ಲ. ಮೊನ್ನೆಯೂ ಅಷ್ಟೇ ಇತ್ತು, ನಿನ್ನೆಯೂ ಅಷ್ಟೇ ಇತ್ತು. ಅಲ್ಯೂಮಿನಿಯಂ ತಗಡು ದಿನದಿನಕ್ಕೆ ಬೆಳೆಯುವ ವಸ್ತುವಲ್ಲ ಎಂಬುದು ಪದವಿಪೂರ್ವ ಕಾಲೇಜಿನಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಹೇಳಿದವನಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಅಳೆಯುತ್ತಿದ್ದ. ಹಳೇ ಗಾಡಿಗಳಿಗೆಲ್ಲ ಸರ್ಕಾರದ ಹೊಸ ಪ್ಲೇಟು ಹಾಕಿಸಬೇಕು, ಇಲ್ಲದಿದ್ದರೆ ದಂಡ ಎಂದು ಪೇಪರಿನಲ್ಲಿ ಬಂದು, ಗಡುವು ಒಮ್ಮೆ ಮುಂದಕ್ಕೆ ಹೋಗಿ, ಮತ್ತೊಮ್ಮೆ ಹೋಗಿ, ಹೋದಾಗಲೆಲ್ಲ ಅವನು ಜಾಮೀನು ಸಿಕ್ಕಿದವನಂತೆ ಉಸಿರು ಬಿಟ್ಟಿದ್ದ. ಕೊನೆಗೆ ಹೆಂಡತಿ ಶಿವರತ್ನಮ್ಮನೇ ಮೊಬೈಲಿನಲ್ಲಿ ಅರ್ಜಿ ಹಾಕಿ ಅವನನ್ನು ಅಟ್ಟಿದ್ದಳು. ಪ್ಲೇಟು ಹಾಕುವ ಕಡೆ ಹಿಂದುಗಡೆಯದು ಐದೇ ನಿಮಿಷದಲ್ಲಿ ಕೂತಿತು. ಮುಂದಕ್ಕೆ ಬಂದು ಫಿಟ್ಟರು ಹಳೇ ಪ್ಲೇಟಿನ ಬೋಲ್ಟಿಗೆ ಸ್ಪ್ಯಾನರ್ ಕೊಟ್ಟಿದ್ದೇ ತಡ, ಗುರುಪಾದಸ್ವಾಮಿ ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ "ಬೇಡ!" ಎಂದಿದ್ದ.

"ಯಾಕ್ ಸಾ? ಹಳೇ ತೂತಿಗೆ ಇದು ಕೂರಕ್ಕಿಲ್ಲ. ಬಂಪರ್‌ಗೆ ಎಲ್ಡು ತೂತು ಒಡುದ್ರೆ ಮುಗೀತು."

"ತೂತಾ? ಅರವತ್ತೇಳನೇ ಇಸವಿ ಕ್ರೋಮು ಕಣ್ರಿ ಇದು."

"ಮತ್ತೆ ಅಂಟ್ಸಾಕೆ ಇದೇನು ಟಿಕ್ಲಿಯಾ ಸಾ?" ಎಂದು ಫಿಟ್ಟರು ಅಂದದ್ದಕ್ಕೆ ಎಲ್ಲರೂ ನಕ್ಕರು. ಗುರುಪಾದಸ್ವಾಮಿಯೂ ನಕ್ಕ, ತನ್ನನ್ನು ನೋಡಿ ನಗುವವರ ಜೊತೆ ತಾನೂ ನಗುವುದು ಅವನಿಗೆ ರೂಢಿಯಾಗಿಹೋಗಿತ್ತು. ಮುಂದಿನ ಪ್ಲೇಟನ್ನು ಕೈಗೆ ಕೊಡುವ ಹಾಗಿಲ್ಲ, ರೂಲ್ಸಿಲ್ಲ ಎಂದು ಗೊಣಗುತ್ತಲೇ ಫಿಟ್ಟರು ಅದನ್ನೂ, ಒಮ್ಮೆ ಕೂತರೆ ಮತ್ತೆ ಬಿಚ್ಚಲು ಬಾರದ ಎರಡು ಲಾಕುಗಳನ್ನೂ ಪೇಪರಿನಲ್ಲಿ ಸುತ್ತಿ ಕೊಟ್ಟಿದ್ದ.

ಅವನ ಭಯ ತೂತಿನದಾಗಿರಲಿಲ್ಲ. ಹಳೇ ಪ್ಲೇಟಿನ ಹಿಂದೆ, ಬಂಪರಿನ ನಟ್ಟನಡುವೆ ಅಂಗೈಯಷ್ಟು ಅಗಲದ ಒಂದು ನೆಗ್ಗಿತ್ತು. ಆ ನೆಗ್ಗಿಗೂ ಅವನ ಮದುವೆಗೂ ಒಂದೇ ವಯಸ್ಸು: ಇಪ್ಪತ್ತೆಂಟು. ಫಿಯಟ್ ಕಾರು ಅವನ ಮಾವ ಪುಟ್ಟಮಾದಪ್ಪನವರದು. ಕೊಳ್ಳೇಗಾಲದಲ್ಲೇ ರೇಷ್ಮೆ ನೂಲಿನ ವ್ಯಾಪಾರಿ, ಒಂದೇ ಮಗಳು, ಯಳಂದೂರಿನ ಬಡಮೇಷ್ಟರ ಮಗನನ್ನು ಅಳಿಯನಾಗಿ ಆರಿಸುವಾಗ ಕೇಳಿದ ಮೊದಲ ಪ್ರಶ್ನೆಯೇ "ಕಾರು ಓಡಿಸ್ತೀರಾ?" ಎಂದು. ಓಡಿಸ್ತೀನಿ ಎಂದುಬಿಟ್ಟಿದ್ದ. ಸ್ನೇಹಿತನ ಜೀಪಿನ ಸ್ಟೀರಿಂಗನ್ನು ಒಮ್ಮೆ ಹಿಡಿದುಕೊಂಡು ಕೂತಿದ್ದು ಬಿಟ್ಟರೆ ಅವನಿಗೂ ವಾಹನಗಳಿಗೂ ಸಂಬಂಧವಿರಲಿಲ್ಲ. ಮದುವೆಯಾಗಿ ಇಪ್ಪತ್ತನೇ ದಿನ, ಮಾವ ಬೆಂಗಳೂರಿಗೆ ಹೋಗಿದ್ದಾಗ, ಬೆಳಗಿನ ಐದು ಗಂಟೆಗೆ ಕಾರನ್ನು ಸದ್ದಿಲ್ಲದೆ ತಳ್ಳಿಕೊಂಡು ರಸ್ತೆಗೆ ತಂದು, ಯಳಂದೂರಿನ ಕಡೆಗೆ ಮೊದಲನೇ ಗೇರಿನಲ್ಲೇ ಎರಡು ಮೈಲಿ ಓಡಿಸಿದ. ಆ ಎರಡು ಮೈಲಿಯಲ್ಲಿ ಅವನು ರಾಜನಾಗಿದ್ದ. ತಿರುಗಿಸಲು ಹೋದಾಗ ಎಡಗಡೆಯ ಮೈಲಿಗಲ್ಲು ಎದ್ದು ಬಂದಂತಾಗಿ ಟಿಣ್ ಎಂದಿತು. ಇಳಿದು, ಮಸುಕಿನಲ್ಲಿ ಬಂಪರಿನ ಮೇಲೆ ಕೈಯಾಡಿಸಿದರೆ ಬೆರಳು ಹಳ್ಳಕ್ಕಿಳಿಯಿತು. ಅಷ್ಟು ಸಣ್ಣ ಸದ್ದಿಗೆ ಇಷ್ಟು ದೊಡ್ಡ ಹಳ್ಳವೇ ಎಂದು ಅವತ್ತು ಅನ್ನಿಸಿತ್ತು. ಪಾಪಗಳೆಲ್ಲ ಹಾಗೇ ಇರಬೇಕು ಎಂದುಕೊಂಡಿದ್ದ. ಎಂಟು ಗಂಟೆಗೆ ಮಾವ ಬೆಂಗಳೂರಿನ ಬಸ್ಸಿಳಿದು ಬಂದವರೇ ಕಾರಿನ ಮುಂದೆ ನಿಂತರು. ಡ್ರೈವರ್ ಮಂಟೇಸ್ವಾಮಿಯನ್ನು ಕರೆದರು. ಗುರುಪಾದಸ್ವಾಮಿ ಜಗಲಿಯ ಮೇಲೆ ಕಾಫಿ ಲೋಟ ಹಿಡಿದು ನಿಂತಿದ್ದ. ಮಂಟೇಸ್ವಾಮಿ ನೆಗ್ಗನ್ನು ನೋಡಿದ, ಆಮೇಲೆ ಕತ್ತೆತ್ತಿ ಜಗಲಿಯ ಕಡೆ ನೋಡಿದ, ನೇರ ಅವನ ಮುಖಕ್ಕೇ ನೋಡಿದ, ನೋಡಿ, "ತಾಕುಸ್ಬುಟ್ಟೆ ಬುದ್ದಿ, ನಂದೇ ತಪ್ಪು" ಅಂದ. ಅವತ್ತೇ ಅವನ ಕೆಲಸ ಹೋಯಿತು. ಗುರುಪಾದಸ್ವಾಮಿ ಕಾಫಿ ಕುಡಿದು ಮುಗಿಸಿದ. ಸಕ್ಕರೆ ಸ್ವಲ್ಪ ಹೆಚ್ಚಾಗಿತ್ತು ಎಂಬುದು ಈಗಲೂ ನೆನಪಿದೆ.

ಮುಂದಿನ ವಾರ ಅವನೇ ಬೋರ್ಡು ಬರೆಯುವವನ ಹತ್ತಿರ ಹೋಗಿ, ಮೊದಲಿದ್ದದ್ದಕ್ಕಿಂತ ಎರಡರಷ್ಟು ಎತ್ತರದ ತಗಡಿನ ಮೇಲೆ ನಂಬರು ಬರೆಸಿ ತಂದು ನೆಗ್ಗಿನ ಮೇಲೆ ಕೂರಿಸಿದ್ದ. "ಊರಿಗೆಲ್ಲ ಕಾಣ್ಲಿ ಅಂತ" ಎಂದದ್ದಕ್ಕೆ ಮಾವ ಬೆನ್ನು ತಟ್ಟಿದ್ದರು. ಅವರು ಅವನ ಬೆನ್ನು ತಟ್ಟಿದ್ದು ಅದೊಂದೇ ಸಲ. ಅಲ್ಲಿಂದ ಮುಂದೆ ಅವನು ಯಾರನ್ನೂ ಗದರಿಸದ ಮನುಷ್ಯನಾದ. ಕಾಪಿ ಹೊಡೆದ ವಿದ್ಯಾರ್ಥಿಯನ್ನು ಹಿಡಿದಾಗ ಅವನೇ ಬೆವರುತ್ತಿದ್ದ. ಕಾಲೇಜಿನ ಜವಾನರನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದ. ಗುರುಪಾದಸ್ವಾಮಿ ಮೇಷ್ಟ್ರು ಬಹಳ ಸಾಧು ಎಂದು ಊರು ಅಂದಾಗಲೆಲ್ಲ ಅವನಿಗೆ ಬಂಪರು ಕಣ್ಣ ಮುಂದೆ ಬರುತ್ತಿತ್ತು. ಮಂಟೇಸ್ವಾಮಿ ಹನೂರಿನಲ್ಲಿ ವರ್ಕ್‌ಶಾಪು ಹಾಕಿದ ಎಂದು ಕೇಳಿದ ಮೇಲೆ, ಮಾದಪ್ಪನ ಬೆಟ್ಟಕ್ಕೆ ಬಸ್ಸಿನಲ್ಲಿ ಹೋಗುವಾಗ ಹನೂರು ಬಂದರೆ ಬಗ್ಗಿ ಚಪ್ಪಲಿ ಹುಡುಕುತ್ತಿದ್ದ. ಮಾವ ತೀರಿಕೊಂಡರು, ಕಾರು ಅವನ ಪಾಲಿಗೆ ಬಂತು, ನೆಗ್ಗೂ ಬಂತು. ಈಗ ಊರಿನ ಮೂವರು ಮೆಕ್ಯಾನಿಕ್ಕುಗಳನ್ನು ಕೇಳಿದರೆ ಮೂವರದೂ ಒಂದೇ ಮಾತು: ಬಂಪರಿಗೆ ತೂತು ಹೊಡೆಯದೆ ಪ್ಲೇಟು ಕೂರಿಸಬೇಕೆಂದರೆ ಹನೂರಿಗೆ ಹೋಗಿ, ಮಂಟೇಸ್ವಾಮಿ ಹತ್ತಿರ.

"ಹೋಗ್ಬನ್ನಿ, ಅದಕ್ಯಾಕೆ ಮುಂಜಾನೆಯಿಂದ ಅದರ ಮುಂದೆ ಪೂಜೆ ಮಾಡ್ತಾ ಕೂತಿದ್ದೀರಿ?" ಎಂದಳು ಬಾಗಿಲಲ್ಲಿ ನಿಂತ ಶಿವರತ್ನಮ್ಮ. ಒಳಗಿನಿಂದ ಅವಳ ತಾಯಿ ವೀರಮ್ಮ, ಎಪ್ಪತ್ತೆಂಟು ವರ್ಷದ ಸಣಕಲು ಮುದುಕಿ, ಒಗೆದ ಸೀರೆಯುಟ್ಟು, ಕೈಯಲ್ಲಿ ಚೀಲ ಹಿಡಿದು ಸಿದ್ಧವಾಗಿಯೇ ಹೊರಗೆ ಬಂದರು.

"ನಾನೂ ಬತ್ತೀನಿ ಅಳಿಯಂದ್ರೇ. ಹನೂರು ನೋಡಿ ಬಾಳ ದಿವ್ಸ ಆಯ್ತು."

"ಹನೂರಲ್ಲಿ ನೋಡೋಕೇನಿದೆ ಅತ್ತೆ?"

"ಏನಾರ ಇದ್ದೇ ಇರ್ತದೆ" ಎಂದು ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡೇಬಿಟ್ಟರು. ಹೊಸ ಪ್ಲೇಟನ್ನು ಟವೆಲಿನಲ್ಲಿ ಸುತ್ತಿ ಎಳೆಗೂಸಿನಂತೆ ತೊಡೆಯ ಮೇಲಿಟ್ಟುಕೊಂಡರು.

ದಾರಿಯುದ್ದಕ್ಕೂ ಗುರುಪಾದಸ್ವಾಮಿ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದ. ಪಾಠದ ಚಾಳಿಯಂತೆ ಅದು ಕಾರಣಗಳು, ಘಟನೆ, ಪರಿಣಾಮಗಳು ಎಂದು ಮೂರು ಭಾಗವಾಗಿ ಒಡೆದುಕೊಳ್ಳುತ್ತಿತ್ತು. ಕಾರಣಗಳು ಐದಾದವು, ಘಟನೆ ಒಂದೇ ಸಾಲಿನಲ್ಲಿ ಮುಗಿಯಿತು, ಪರಿಣಾಮಗಳ ಕೆಳಗೆ ಹಾಳೆ ಖಾಲಿ ಉಳಿಯಿತು. ಏಕೆಂದರೆ ಕೆಲಸ ಕಳೆದುಕೊಂಡ ಮೇಲೆ ಮಂಟೇಸ್ವಾಮಿಗೆ ಏನಾಯಿತೆಂದು ಅವನು ಯಾರನ್ನೂ ಕೇಳಿರಲೇ ಇಲ್ಲ. ಅತ್ತೆ ಹಿಂದೆ ಕೂತಿದ್ದಾರೆ, ಅವರ ಎದುರು ಹೇಗೆ ಹೇಳುವುದು? ಅವರನ್ನು ಟೀ ಕುಡಿಯಲು ಎಲ್ಲಾದರೂ ಕೂರಿಸಬೇಕು. ಕಾಮಗೆರೆ ಹತ್ತಿರ ಬ್ಯಾರಿಕೇಡು ಅಡ್ಡವಿಟ್ಟಿದ್ದರು. ಕೈಯೊಡ್ಡಿದ ಕಾನ್‌ಸ್ಟೇಬಲ್ ಬಗ್ಗಿ ನೋಡಿ ಸೆಲ್ಯೂಟ್ ಹೊಡೆದ. ನಟರಾಜು, ಹತ್ತು ವರ್ಷದ ಹಿಂದೆ ಕೊನೇ ಬೆಂಚಿನಲ್ಲಿ ಕೂರುತ್ತಿದ್ದವನು.

"ಸಾ, ಇಂದ್ಗಡೆ ಹೊಸ್ದು, ಮುಂದ್ಗಡೆ ಹಳೇದು. ಏನ್ ಸಾ ಇದು?"

"ಇಲ್ಲೇ ಅದೆ ಕಣಪ್ಪ" ಎಂದು ವೀರಮ್ಮ ಟವೆಲು ಬಿಚ್ಚಿ ಪ್ಲೇಟನ್ನು ಕಿಟಕಿಗೆ ಹಿಡಿದು ತೋರಿಸಿದರು.

"ಅಜ್ಜೀ, ಅದು ಗಾಡಿಗೆ ಆಕದು, ಮಡಿಲಲ್ಲಿ ಮಡಿಕಳದಲ್ಲ" ಎಂದು ನಟರಾಜು ನಕ್ಕು, ಹಳೇ ಮೇಷ್ಟರ ಮುಖ ನೋಡಿ ಗಂಭೀರನಾಗಿ, "ನೀವೇ ನಮ್ಗ ಕಾನೂನು ಏಳ್ಕೊಟ್ಟೋರು ಸಾ" ಅಂದ. ತಾನು ಕಲಿಸಿದ್ದು ಇತಿಹಾಸ, ಕಾನೂನಲ್ಲ ಎನ್ನಬೇಕೆಂದು ಗುರುಪಾದಸ್ವಾಮಿಗೆ ಅನ್ನಿಸಿತು. "ಇವತ್ತೇ ಹಾಕಿಸ್ತೀನಪ್ಪ, ಅದಕ್ಕೇ ಹೊರಟಿದ್ದೀನಿ" ಎಂದಷ್ಟೇ ಹೇಳಿದ. ಕೈ ಮುಗಿದದ್ದು ಕಾರು ಮುಂದೆ ಹೋದ ಮೇಲೆ ಅವನ ಗಮನಕ್ಕೆ ಬಂತು. ಕನ್ನಡಿಯಲ್ಲಿ ಅತ್ತೆ ಅವನನ್ನೇ ನೋಡುತ್ತಿದ್ದರು. "ಅಲ್ಲ ಅಳಿಯಂದ್ರೇ, ಆ ಉಡ್ಗನಿಗೂ ಕೈ ಮುಗೀತೀರಲ್ಲ, ಯಾಕೆ?" ಎಂದರು. ಅವನು ಗೇರು ಬದಲಿಸಿದ.

ಹನೂರಿನ ವರ್ಕ್‌ಶಾಪು ರಸ್ತೆಗೇ ಇತ್ತು. ಬೇವಿನ ಮರದ ಕೆಳಗೆ ಮೂರು ಟ್ರ್ಯಾಕ್ಟರು, ಒಂದು ವ್ಯಾನು. ಅರವತ್ತರ ಮಂಟೇಸ್ವಾಮಿ ಕನ್ನಡಕ ಹಾಕಿದ್ದ, ಹೊಟ್ಟೆ ಬಂದಿತ್ತು, ತಲೆ ಪೂರ್ತಿ ಬೆಳ್ಳಗಾಗಿತ್ತು. ಅವನು ಬಂದವರ ಮುಖ ನೋಡುವ ಮೊದಲು ಕಾರಿನ ಮುಖ ನೋಡಿದ. ಬಾನೆಟ್ಟಿನ ಮೇಲೆ ಅಂಗೈಯಾಡಿಸಿದ. ಆಮೇಲೆ, "ಬನ್ನಿ ಸಾ. ಅವ್ವಾರೂ ಬಂದವ್ರಾ!" ಎಂದು ಕುರ್ಚಿ ಒರೆಸಿ ಹಾಕಿದ. ಅತ್ತೆಯನ್ನು ಟೀ ಅಂಗಡಿಗೆ ಕಳಿಸುವ ಗುರುಪಾದಸ್ವಾಮಿಯ ಯೋಜನೆ ಅಲ್ಲಿಗೆ ಮುಗಿಯಿತು. ಟೀಯೇ ವರ್ಕ್‌ಶಾಪಿಗೆ ಬಂತು. ಅವನು ಪ್ಲೇಟಿನ ಸಮಸ್ಯೆಯನ್ನು ಬೇಕಾದ್ದಕ್ಕಿಂತ ಉದ್ದವಾಗಿ ವಿವರಿಸಿದ. ಮಂಟೇಸ್ವಾಮಿ ಕೇಳಿಸಿಕೊಳ್ಳುತ್ತಲೇ ಸ್ಪ್ಯಾನರ್ ತೆಗೆದುಕೊಂಡು ಬಂಪರಿನ ಮುಂದೆ ಕೂತು, ಹಳೇ ಪ್ಲೇಟಿನ ಬೋಲ್ಟುಗಳಿಗೆ ಎಣ್ಣೆ ಬಿಟ್ಟ. ಒಂದು ಬೋಲ್ಟು ಬಂತು. ಎರಡನೆಯದು ಕಿರ್ ಎಂದು ಮೊಂಡು ಹಿಡಿಯಿತು. ಅದು ಹಾಗೇ ತುಕ್ಕು ಹಿಡಿದು ಸಾಯುವವರೆಗೂ ಬರದಿರಲಿ ಎಂದು ಗುರುಪಾದಸ್ವಾಮಿ ಒಳಗೊಳಗೇ ಬೇಡಿಕೊಳ್ಳುತ್ತಿರುವಾಗಲೇ ಅದೂ ಬಂತು. ತಗಡು ಕೈಗೆ ಬಂದು, ನೆಗ್ಗು ಇಪ್ಪತ್ತೆಂಟು ವರ್ಷದ ಮೇಲೆ ಬಿಸಿಲು ಕಂಡಿತು. ಅವನು ನೆನಪಿಟ್ಟುಕೊಂಡದ್ದಕ್ಕಿಂತ ದೊಡ್ಡದಾಗಿತ್ತು.

"ಮಂಟೇಸ್ವಾಮಿ" ಎಂದ. ಮುಂದಿನದು ಮರೆತುಹೋಯಿತು. ಐದು ಕಾರಣಗಳಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ. "ಇದು ನೀವು ಮಾಡಿದ್ದಲ್ಲ. ಅವತ್ತು ಬೆಳಿಗ್ಗೆ ಕಾರು ತಗೊಂಡು ಹೋಗಿದ್ದು ನಾನು. ಯಳಂದೂರು ರಸ್ತೇಲಿ ಮೈಲಿಗಲ್ಲಿಗೆ ತಾಗಿಸಿದೆ. ನೀವು ನನ್ನ ನೋಡಿ, ಹೊಸ ಅಳಿಯ ಅಂತ, ತಪ್ಪು ಮೈಮೇಲೆ ಹಾಕ್ಕೊಂಡ್ರಿ. ನಾನು ಸುಮ್ಮನಿದ್ದೆ."

ಮಂಟೇಸ್ವಾಮಿ ಸ್ಪ್ಯಾನರ್ ಕೆಳಗಿಟ್ಟು ಕನ್ನಡಕ ಮೇಲಕ್ಕೇರಿಸಿದ. "ಮೈಲಿಗಲ್ಲಾ? ಯಾವ್ ಕಡೆ ತಾಕ್ತು ಸಾ?"

"ಎಡಗಡೆ."

ಮಂಟೇಸ್ವಾಮಿ ಬಂಪರಿನ ಎಡತುದಿಗೆ ಸರಿದು, ಬಟ್ಟೆಯಿಂದ ಉಜ್ಜಿ, ಬೆರಳಿಟ್ಟು ತೋರಿಸಿದ. ಉಗುರಿನಲ್ಲಿ ಎಳೆದಂಥ ಒಂದು ಗೀರಿತ್ತು. "ಅಂಗಾರೆ ಇದಿರ್ಬೇಕು ನಿಮ್ದು. ಒಂದು ಕೋಳಿ ಕೆರುದ್ರೂ ಇದ್ಕಿಂತ ಜಾಸ್ತಿ ಆಯ್ತದೆ." ಹೇಳಿ, ಅಳಿಯನನ್ನು ಬಿಟ್ಟು ಕುರ್ಚಿಯ ಮೇಲಿದ್ದ ಮುದುಕಿಯ ಕಡೆ ನೋಡಿದ. ಅದು ಅದೇ ನೋಟವಾಗಿತ್ತು. ಅವತ್ತು ಜಗಲಿಯ ಮೇಲೆ ತನ್ನ ಹಿಂದೆ ಬಾಗಿಲಿತ್ತೆಂದೂ, ಬಾಗಿಲಲ್ಲಿ ಅತ್ತೆ ನಿಂತಿದ್ದರೆಂದೂ ಗುರುಪಾದಸ್ವಾಮಿಗೆ ಆಗ ಹೊಳೆಯಿತು.

ವೀರಮ್ಮ ಟೀ ಲೋಟ ಕೆಳಗಿಟ್ಟರು. "ನಾನು ಕಣ್ರಿ ಅಳಿಯಂದ್ರೇ ಗುದ್ದಿದ್ದು. ಅದ್ರ ಮುಂಚಿನ್ ದಿವ್ಸ ಸಂಜೆ, ತೋಟದ ಕಲ್ಲುಕಂಬಕ್ಕೆ. ನಮ್ಮೆಜಮಾನ್ರು ವ್ಯಾಪಾರಕ್ಕೆ ಓದಾಗ್ಲೆಲ್ಲ ನಾನು ಇಂವನ ಕೈಲಿ ಕಾರು ಬುಡದು ಕಲೀತಿದ್ದೆ. ಐವತ್ತು ವರ್ಷದ ಎಂಗ್ಸು! ಗೇರಾಕದು, ಬ್ರೇಕೊತ್ತದು, ಎಲ್ಲ ಬತ್ತಿತ್ತು. ಕಂಬ ಬತ್ತದೆ ಅಂತ ಮಾತ್ರ ಗೊತ್ತಾಗ್ನಿಲ್ಲ." ನಗಲು ಹೋದರು, ಆಗಲಿಲ್ಲ. ಮಂಟೇಸ್ವಾಮಿಯ ಕಡೆ ತಿರುಗಿದರು. "ಗೊತ್ತಾದ್ರೆ ನಮ್ಮೆಜಮಾನ್ರು ನನ್ನ ಮನೇಲಿ ಇರುಸ್ತಿರ್ನಿಲ್ಲ, ಅದು ನಿಂಗೂ ಗೊತ್ತಿತ್ತು. ಅವ್ರು ತೀರ್ಕಂಡ್ ಮೇಲಾದ್ರೂ ಬಂದು ಏಳ್ಬೋದಾಗಿತ್ತು. ಏಳ್ನಿಲ್ಲ. ಅದ್ಕೇ ಇವತ್ತು ಬಂದೆ ಕಣಪ್ಪ, ಪ್ಲೇಟಿಗಲ್ಲ."

ಗುರುಪಾದಸ್ವಾಮಿಗೆ ಮೊದಲು ಆದದ್ದು ನೆಮ್ಮದಿಯಲ್ಲ, ಯಾರೋ ಜೇಬಿಗೆ ಕೈ ಹಾಕಿದಂಥ ಗಾಬರಿ. ಇಷ್ಟು ವರ್ಷ ತನ್ನದೆಂದು ಸಾಕಿಕೊಂಡು ಬಂದದ್ದು ಅತ್ತೆಯದಂತೆ! ತನ್ನ ಸಾಧುತನ, ಜವಾನರಿಗೆ ಕೊಟ್ಟ ಬಹುವಚನ, ಬಸ್ಸಿನಲ್ಲಿ ಹುಡುಕಿದ ಚಪ್ಪಲಿ, ಎಲ್ಲವೂ ಒಂದು ಕೋಳಿಗೀರಿನ ಮೇಲೆ ಕಟ್ಟಿದ್ದು. ಬಿಟ್ಟುಕೊಡಲು ಮನಸ್ಸಾಗದೆ ಇನ್ನೊಮ್ಮೆ ನೆಗ್ಗಿನ ಮೇಲೆ ಕೈಯಾಡಿಸಿದ, ಎಲ್ಲಾದರೂ ಒಂದು ಮೂಲೆಯಾದರೂ ತನ್ನದಿರಬಹುದೇ ಎಂದು.

ಮಂಟೇಸ್ವಾಮಿ ಇಬ್ಬರನ್ನೂ ಸರದಿಯಾಗಿ ನೋಡಿದ. "ಒಂದು ನೆಗ್ಗಿಗೆ ಇವತ್ತು ಇಬ್ಬಿಬ್ರು ವಾರಸುದಾರ್ರು" ಅಂದ. "ಅವತ್ತು ಒಬ್ರೂ ಇರ್ನಿಲ್ಲ." ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಕೇಳಲು ಕಷ್ಟವಾಯಿತು. "ಒಂದೊರ್ಷ ಕಲ್ಲು ಕ್ವಾರಿಗೆ ಓದೊ ನಾನೂ ನನ್ನೆಡ್ತೀನೂ. ಬೆಟ್ಟಕ್ ಓಗೊ ಲಾರಿಗೊಳು ಇಲ್ಲಿ ಕೆಟ್ಟು ನಿಲ್ಲವು, ರಿಪೇರಿ ಮಾಡ್ತಾ ಮಾಡ್ತಾ ಇದಾಯ್ತು. ಸಂದಾಗೇ ಆಯ್ತು ಬುಡಿ. ಅವ್ವಾರದು ನಂಗೆ ಗೊತ್ತಿತ್ತು, ಒಪ್ಕಂಡೇ ತಲೆ ಕೊಟ್ಟೆ. ಆದ್ರೆ ಸಾ, ನೀವು ನೀವೇ ಮಾಡಿದ್ದು ಅಂತ ಅನ್ಕಂಡಿದ್ರಲ್ಲ, ಆಗ್ಯಾಕೆ ಬಾಯಿ ಬುಡ್ನಿಲ್ಲ?"

ಇದಕ್ಕೆ ಅತ್ತೆ ಗುದ್ದಿದ್ದು ಉತ್ತರವಾಗುತ್ತಿರಲಿಲ್ಲ. ಗುರುಪಾದಸ್ವಾಮಿ ಯೋಚಿಸಿದ. ಮೂರು ಭಾಗ ಮಾಡಲು ನೋಡಿದ. ಕೊನೆಗೆ, "ಕಾಫಿ ಕುಡೀತಾ ಇದ್ದೆ" ಅಂದ. ಬೇರೆ ಏನೂ ನಿಜವೆನ್ನಿಸಲಿಲ್ಲ.

ಮಂಟೇಸ್ವಾಮಿ ಹೊಟ್ಟೆ ಕುಲುಕುವಂತೆ ನಗತೊಡಗಿದ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ನಗುವಿನ ಕೊನೆಯಲ್ಲಿ ಅವನ ಮುಖ ಸ್ವಲ್ಪ ಹೊತ್ತು ಬೇರೆ ಥರ ಆಯಿತು; ಅದನ್ನು ಗುರುಪಾದಸ್ವಾಮಿ ನೋಡಿದ, ಬೇರೆ ಕಡೆ ನೋಡಲಿಲ್ಲ.

ಆಮೇಲೆ ಕೆಲಸ ಒಂದು ಗಂಟೆಯದು. ಮಂಟೇಸ್ವಾಮಿ ಕಬ್ಬಿಣದ ಪಟ್ಟಿಯೊಂದನ್ನು ಕಾಯಿಸಿ, ಬಗ್ಗಿಸಿ, ಬಂಪರನ್ನು ಹಿಂದಿನಿಂದ ಹಿಡಿದಿದ್ದ ಬೋಲ್ಟುಗಳಿಗೇ ಅದನ್ನು ಬಿಗಿದು, ಅದರ ತುದಿ ಎರಡು ಬೆರಳಿನಂತೆ ಮುಂದೆ ಬರುವ ಹಾಗೆ ಮಾಡಿದ. ತೂತುಗಳು ಪಟ್ಟಿಗೆ ಬಿದ್ದವು, ಕ್ರೋಮಿಗಲ್ಲ. ಹೊಸ ಪ್ಲೇಟನ್ನಿಟ್ಟು ಲಾಕು ಒತ್ತಿದಾಗ ಟಕ್ ಟಕ್ ಎಂದು ಎರಡು ಸಲ ಸದ್ದಾಯಿತು. ನೆಗ್ಗನ್ನು ಬಡಿದು ಎತ್ತಿದರೆ ಕ್ರೋಮು ಸಿಪ್ಪೆ ಏಳುತ್ತದೆ, ಬೇಡ ಎಂದ. ಅದು ಪ್ಲೇಟಿನ ಮೇಲುಗಡೆ, ಅರ್ಧ ಮುಚ್ಚಿದ ಕಣ್ಣಿನಂತೆ ಕಾಣುತ್ತಲೇ ಉಳಿಯಿತು. "ಇರ್ಲಿ ಬುಡು" ಎಂದರು ವೀರಮ್ಮ.

ಕೂಲಿ ಎಷ್ಟೆಂದು ಕೇಳಿದರೆ ಮಂಟೇಸ್ವಾಮಿ ಕೀಲಿಗೆ ಕೈಚಾಚಿದ. "ಒಂದು ರೌಂಡು ಓಡುಸ್ಕತ್ತೀನಿ ಸಾ, ಅಷ್ಟೆಯ." ವೀರಮ್ಮ ಕೇಳದೆಯೇ ಎದ್ದು ಹೋಗಿ ಮುಂದಿನ ಸೀಟಿನಲ್ಲಿ ಕೂತರು. ಕಾರು ಹನೂರಿನ ಪೇಟೆಬೀದಿಯಲ್ಲಿ ಹಾರನ್ನು ಹೊಡೆದುಕೊಂಡು ಹೋಯಿತು. ಗುರುಪಾದಸ್ವಾಮಿ ಬೇವಿನ ಕೆಳಗೆ ಒಬ್ಬನೇ ಉಳಿದ. ಬೈಕು ತಳ್ಳಿಕೊಂಡು ಬಂದವನೊಬ್ಬ "ಪಂಚರ್ ಆಕ್ತೀಯೇನಣ್ಣಾ?" ಎಂದ. ಬೇರೆ ದಿನವಾಗಿದ್ದರೆ ಗುರುಪಾದಸ್ವಾಮಿ ಕ್ಷಮೆ ಕೇಳುತ್ತಿದ್ದ. "ಮೇಸ್ತ್ರಿ ಬರ್ತಾರೆ, ಕೂತ್ಕೋ" ಎಂದು ತಾನೇ ಕುರ್ಚಿಯಲ್ಲಿ ಕೂತ. ಬೈಕಿನವನು ನೆಲದ ಮೇಲೆ ಕೂತ.

ವಾಪಸು ಬರುವಾಗ ಕಾಮಗೆರೆ ದಾಟಿದ ಮೇಲೆ ಅತ್ತೆ ಮೆಲ್ಲಗೆ ಹೇಳಿದರು: "ಶಿವರತ್ನಂಗೆ ಏಳ್ಬ್ಯಾಡಿ. ಅಪ್ಪಂಗೆ ಮೋಸ ಮಾಡುದ್ಲು ಅಂತ ನನ್ನ ಮಕ ನೋಡಕ್ಕಿಲ್ಲ ಅವ್ಳು." ಅವನು ಹೂಂಗುಟ್ಟಿದ.

ಶಿವರತ್ನಮ್ಮ ಗೇಟು ತೆಗೆದವಳು ಕಾರಿನ ಮುಂದೆಯೇ ನಿಂತಳು. ಪ್ಲೇಟನ್ನು ನೋಡಿದಳು, ಪ್ಲೇಟಿನ ಮೇಲಿನ ನೆಗ್ಗನ್ನು ನೋಡಿದಳು, ಅಪ್ಪ ನಿಲ್ಲುತ್ತಿದ್ದ ಹಾಗೆಯೇ ಸೊಂಟದ ಮೇಲೆ ಕೈಯಿಟ್ಟು ನಿಂತು, "ಇದು ಯಾವಾಗಿಂದು?" ಎಂದಳು. ಹಿಂದಿನ ಸೀಟಿನಲ್ಲಿ ವೀರಮ್ಮ ಚೀಲದೊಳಗೆ ಏನನ್ನೋ ಗಡಿಬಿಡಿಯಿಂದ ಹುಡುಕತೊಡಗಿದರು.

"ತೊಂಬತ್ತಾರರದು" ಎಂದ ಗುರುಪಾದಸ್ವಾಮಿ. "ನಾನು ಗುದ್ದಿದ್ದು. ಮಂಟೇಸ್ವಾಮಿ ಅಲ್ಲ." ಎಷ್ಟು ಸಲೀಸಾಗಿ ಬಂತು! ನಿಜವೆಂದು ನಂಬಿದ್ದ ದಿನಗಳಲ್ಲಿ ಗಂಟಲು ದಾಟದಿದ್ದ ಮಾತು, ಸುಳ್ಳೆಂದು ಗೊತ್ತಾದ ಎರಡೇ ಗಂಟೆಗೆ ಸರಾಗವಾಗಿ ಹೊರಬಿತ್ತು.

ಶಿವರತ್ನಮ್ಮ ಬೆಚ್ಚಲಿಲ್ಲ. "ಗೊತ್ತು" ಎಂದಳು. "ಅವತ್ತು ಬೆಳಗಿನ ಜಾವ ಕಿಟಕೀಲಿ ನಿಂತಿದ್ದೆ. ನೀವು ಕಾರು ತಂದು ನಿಲ್ಸಿದ್ದು, ಇಳಿದು ಕೈಯಾಡಿಸಿ ನೋಡಿದ್ದು, ಎಲ್ಲ ಕಂಡಿದ್ದೆ. ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ಕಾದೆ. ಆಮೇಲೆ ಕಾಯೋದು ಬಿಟ್ಟೆ."

ಈ ಮನೆಯಲ್ಲಿ ತಾನು ಉಂಡದ್ದು, ಮಲಗಿದ್ದು, ಪಾಠಕ್ಕೆ ಸಿದ್ಧವಾದದ್ದು, ಎಲ್ಲವನ್ನೂ ಅವಳು ಇದನ್ನು ತಿಳಿದುಕೊಂಡೇ ನೋಡಿದ್ದಳು. ಈಗ ನಿಜ ಹೇಳಿ ಬಿಡುಗಡೆ ಪಡೆಯಬಹುದಿತ್ತು. ಗೀರು ಎಡಗಡೆ ಇದೆ, ಬೇಕಾದರೆ ತೋರಿಸಬಹುದಿತ್ತು. ಕಾರಿನೊಳಗಿಂದ ವೀರಮ್ಮನವರ ಗಂಭೀರ ದನಿ ಬಂತು: "ಅವತ್ತೇ ಏಳ್ಬೇಕಾಗಿತ್ತು ಅಳಿಯಂದ್ರು."

"ಹೌದು ಅತ್ತೆ" ಎಂದ. ನಗು ಹೊಟ್ಟೆಯಲ್ಲಿ ಎಲ್ಲೋ ಏಳುತ್ತಿತ್ತು, ಹಲ್ಲು ಕಚ್ಚಿದ.

"ಮಂಟೇಸ್ವಾಮಿಗೆ ಹೇಳಿದ್ರಾ?" ಎಂದಳು ಶಿವರತ್ನಮ್ಮ.

"ಹೇಳ್ದೆ."

"ಏನಂದ?"

"ಅವತ್ಯಾಕೆ ಬಾಯಿ ಬಿಡ್ಲಿಲ್ಲ ಅಂತ ಕೇಳ್ದ."

"ಸರಿಯಾಗೇ ಕೇಳಿದಾನೆ" ಎಂದು ಅವಳು ತಾಯಿಯ ಕಡೆಯ ಬಾಗಿಲು ತೆಗೆದು ಕೈ ಹಿಡಿದು ಇಳಿಸಿಕೊಂಡಳು. ಮೆಟ್ಟಿಲ ತನಕ ಹೋದವಳು ತಿರುಗಿ ನೋಡಿದಳು. ಮದುವೆಯಾದ ಹೊಸತರಲ್ಲಿ ಇಪ್ಪತ್ತು ದಿನ ನೋಡಿ, ಆಮೇಲೆ ಎಲ್ಲಿ ಹೋಯಿತೆಂದು ಅವನಿಗೆ ತಿಳಿಯದೇ ಹೋದ ಒಂದು ಕುಚೇಷ್ಟೆಯ ನಗು ಅವಳ ಮುಖದಲ್ಲಿತ್ತು. "ಓಡಿಸ್ತೀನಿ ಅಂತ ಅಪ್ಪನ ಹತ್ರ ಹೇಳಿದ್ದೂ ಸುಳ್ಳು ತಾನೇ?" ಎಂದಳು.

"ಸುಳ್ಳು" ಎಂದ ಗುರುಪಾದಸ್ವಾಮಿ. ಇದೊಂದು ಮಾತ್ರ ಅಪ್ಪಟ ನಿಜವಾಗಿತ್ತು.